ಒಂಟಿ ದನಿಯ ಕೀರ್ತನೆ

ಬೈಬಲ್ಲಿನ 150 ಕೀರ್ತನೆಗಳಲ್ಲಿ ಬಹಳಷ್ಟು ಕಡೆ ಮಾತನಾಡುವುದು 'ನಾವು' ಅಲ್ಲ, 'ನಾನು'. (ನಮ್ಮಲ್ಲಿ ಕೀರ್ತನೆ ಎಂದೊಡನೆ ದಾಸರು ನೆನಪಾಗುತ್ತಾರೆ, ಕನ್ನಡ ಬೈಬಲ್ ಈ ಹೀಬ್ರೂ ಹಾಡುಗಳಿಗೂ ಅದೇ ಹೆಸರಿಟ್ಟಿದೆ.) ಹಾಗಾದರೆ ಆರಾಧನೆಯಲ್ಲಿ ಅವನ್ನು ಹಾಡಬೇಕಾದವರು ಯಾರು? ಒಬ್ಬ ಗಾಯಕನೋ, ಇಡೀ ಸಭೆಯೋ? ಒಬ್ಬ ಚರಣ ಹಾಡಿ ಉಳಿದವರು ಪಲ್ಲವಿಯಿಂದ ಉತ್ತರಿಸುವ ಕ್ರಮ ಕ್ರೈಸ್ತರಲ್ಲಿ ಬಹು ಹಳೆಯದು. ಜಿನೀವಾದ ಕ್ಯಾಲ್ವಿನ್ ಎಲ್ಲರೂ ಕೂಡಿ ಒಂದೇ ಧಾಟಿಯಲ್ಲಿ ಹಾಡಬೇಕೆಂದ. 1562ರಲ್ಲಿ ಪೂರ್ಣಗೊಂಡ ಅಲ್ಲಿನ ಕೀರ್ತನ ಪುಸ್ತಕ ಅದಕ್ಕಾಗಿಯೇ ಇತ್ತು.

ಈ ಎರಡು ಕ್ರಮಗಳಿಗೂ ಸೇರದೆ ಉಳಿದವು ಹತ್ತು ಹಾಡುಗಳು. ಚೆಕ್ ಸಂಗೀತಕಾರ ಆಂಟೊನಿನ್ ಡ್ವೊರ್ಜಾಕ್ 1894ರ ಮಾರ್ಚ್‌ನಲ್ಲಿ, ನ್ಯೂಯಾರ್ಕಿನಲ್ಲಿದ್ದಾಗ, ಒಂದು ಕಂಠ ಮತ್ತು ಪಿಯಾನೊಗೆಂದು 'ಬೈಬಲ್ ಗೀತೆಗಳು' ರಚಿಸಿದ. ಹಿಂದಿನ ಕೆಲವೇ ತಿಂಗಳಲ್ಲಿ ಚೈಕೋವ್‌ಸ್ಕಿ, ಗೂನೊ, ಬ್ಯೂಲೊ ಒಬ್ಬರ ಹಿಂದೊಬ್ಬರು ತೀರಿಕೊಂಡಿದ್ದರು. ಆ ಮಾರ್ಚ್ ಮುಗಿಯುವ ಮೊದಲೇ ತಾಯ್ನಾಡಿನಲ್ಲಿ ತಂದೆಯೂ ಹೋದರು. ಡ್ವೊರ್ಜಾಕ್ ಕ್ಯಾಥೊಲಿಕ್. ಆದರೆ ಪಠ್ಯ ಆರಿಸಿಕೊಂಡದ್ದು ಹದಿನಾರನೆಯ ಶತಮಾನದ ಕ್ರಾಲಿಟ್ಸೆ ಬೈಬಲ್‌ನಿಂದ. ಅದು ಪ್ರಾಟೆಸ್ಟಂಟರ ಚೆಕ್ ಅನುವಾದ! ದುಃಖದಲ್ಲಿ ಮನುಷ್ಯ ಮತ ನೋಡುವುದಿಲ್ಲ, ಭಾಷೆ ನೋಡುತ್ತಾನೆ.

ಕುರುಬನ ಹಾಡೆಂದು ಪ್ರಸಿದ್ಧವಾದ 23ನೆಯ ಕೀರ್ತನೆ ಇವುಗಳಲ್ಲಿ ನಾಲ್ಕನೆಯದು. ಅದರಲ್ಲಿ ಪಿಯಾನೊ ಬಹುಮಟ್ಟಿಗೆ ಹಿಂದೆ ಸರಿದು ನಿಲ್ಲುತ್ತದೆ. ದನಿ ಓದಿಗೂ ಹಾಡಿಗೂ ನಡುವೆ ಮೆಲ್ಲನೆ ನಡೆಯುತ್ತದೆ. ಅಪೆರಾದ ಆಡಂಬರವಿಲ್ಲ.

ಇಷ್ಟು ಪ್ರಾರ್ಥನೆಗೆ ಹತ್ತಿರವಾದ ಹಾಡಿಗೆ ಸ್ವಂತ ಚರ್ಚಿನ ಬಾಗಿಲೇ ಮುಚ್ಚಿತ್ತು. 1903ರ ನವೆಂಬರ್‌ನಲ್ಲಿ ಪೋಪ್ ಹತ್ತನೆಯ ಪಿಯುಸ್ ಹೊರಡಿಸಿದ ಆದೇಶ, ವಿಧಿವತ್ತಾದ ಪೂಜೆಯಲ್ಲಿ ದೇಶಭಾಷೆಯ ಹಾಡು ಕೂಡದೆಂದಿತು, ಪಿಯಾನೊ ನಿಷೇಧಿಸಿತು, ಏಕಗಾಯನ ಮೇಲುಗೈ ಪಡೆಯಬಾರದೆಂದಿತು. ಮೂರೂ ಈ ಹಾಡುಗಳಿಗೆ ತಾಕುತ್ತವೆ. ದೇಶಭಾಷೆಗೆ ದಾರಿ ತೆರೆದದ್ದು 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ.

ಅಮೆರಿಕದ ಪ್ರಾಟೆಸ್ಟಂಟ್ ಚರ್ಚುಗಳಲ್ಲಿ ಸ್ಥಿತಿ ಬೇರೆ. ಅಲ್ಲಿ ಸಂಬಳದ ಏಕಗಾಯಕರೇ ಇದ್ದರು. ಡ್ವೊರ್ಜಾಕ್‌ಗೆ ಆಫ್ರಿಕನ್-ಅಮೆರಿಕನ್ನರ ಭಕ್ತಿಗೀತೆಗಳನ್ನು ಹಾಡಿ ಕೇಳಿಸಿದ ತರುಣ ಹ್ಯಾರಿ ಬರ್ಲಿ ಅದೇ 1894ರಲ್ಲಿ ನ್ಯೂಯಾರ್ಕಿನ ಸೇಂಟ್ ಜಾರ್ಜ್ ಚರ್ಚಿಗೆ ಗಾಯಕನಾಗಿ ಸೇರಿ ಐವತ್ತೆರಡು ವರ್ಷ ಹಾಡಿದ. ಇಂಥ ಪದ್ಧತಿಯಿದ್ದ ಚರ್ಚುಗಳಿಗೆ ಡ್ವೊರ್ಜಾಕನ ಕೀರ್ತನೆಗಳು ಇಂಗ್ಲಿಷ್ ಅನುವಾದದಲ್ಲಿ ಸುಲಭವಾಗಿ ಒಗ್ಗಿದವು.

ಆಕ್ಷೇಪ ಇಂದಿಗೂ ಉಂಟು: ಒಬ್ಬ ಹಾಡಿದರೆ ಭಕ್ತರು ಬರಿಯ ಶ್ರೋತೃಗಳಾಗುವುದಿಲ್ಲವೆ? ಆಗಬಹುದು, ಗಾಯಕ ತನ್ನ ಕಂಠವನ್ನೇ ಮೆರೆಸಿದರೆ. ನನಗೆ ಇನ್ನೊಂದು ತೊಡಕು ಹೆಚ್ಚು ಮುಖ್ಯವೆನಿಸುತ್ತದೆ. ಚರ್ಚಿನಲ್ಲಿ ಸಾಮಾನ್ಯವಾಗಿ ಪಿಯಾನೊ ಬದಲು ಆರ್ಗನ್ ನುಡಿಸುತ್ತಾರೆ. ಪಿಯಾನೊದ ನಾದ ಹುಟ್ಟಿದೊಡನೆ ಕ್ಷೀಣಿಸುತ್ತದೆ, ದನಿ ಒಂಟಿಯಾಗಿ ಉಳಿಯುತ್ತದೆ. ಆರ್ಗನ್ ನಾದ ಬೆರಳು ಎತ್ತುವವರೆಗೂ ತುಂಬಿಕೊಂಡೇ ಇರುತ್ತದೆ. ಬಲ್ಲ ವಾದಕರು ಅದಕ್ಕೇ ಇಲ್ಲಿ ಬೇಗ ಬೆರಳು ಎತ್ತುತ್ತಾರೆ.