ಊರುಗೋಲಿಗೆ ಇನ್‌ಲೇ ಕೆಲಸ: ಚೆಂದ ಒಂದೇ ನೋಡ್ಬೇಡಿ, ಗಟ್ಟಿನೂ ನೋಡಿ

ಮೈಸೂರು: ಬೀಟೆ ಮರದ ಇನ್‌ಲೇ ಕೆಲಸ ಅಂದ್ರೆ ಮೈಸೂರು. ಈ ಕಲೆಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ಅಂಬಾವಿಲಾಸ ಅರಮನೆಯ ಬೀಟೆ ಬಾಗಿಲಲ್ಲಿ ದಂತದ ಇನ್‌ಲೇಯನ್ನು ಈಗಲೂ ನೋಡಬಹುದು. ಗೋಡೆ ಚಿತ್ರ, ಪೆಟ್ಟಿಗೆಗಳಿಗೆ ಮಾಡುವ ಇದೇ ಕೆಲಸವನ್ನು ಊರುಗೋಲಿಗೂ ಮಾಡಬಹುದು. ಆದರೆ ಗೋಡೆ ಚಿತ್ರದ ಮೇಲೆ ಯಾರೂ ಭಾರ ಹಾಕಲ್ಲ. ಊರುಗೋಲಿನ ಮೇಲೆ ವಯಸ್ಸಾದವರ ಮೈಭಾರವೇ ಬೀಳುತ್ತೆ.

ಇನ್‌ಲೇ ಅಂದ್ರೆ ಏನು?

ಮರದಲ್ಲಿ ಗುಳಿ ತೋಡಿ, ಅದೇ ಆಕಾರಕ್ಕೆ ಕತ್ತರಿಸಿದ ಬೇರೆ ಬಣ್ಣದ ಮರದ ತುಂಡನ್ನು ಕೂರಿಸೋದು. ಇದು ಪೇಂಟ್ ಅಲ್ಲ. ಹಳದಿ ಬೇಕಾದರೆ ಹಲಸಿನ ಮರ, ಕಪ್ಪು ಕಂದು ಬೇಕಾದರೆ ಬೀಟೆ. ಬಿಳಿಗೆ ಹಿಂದೆ ದಂತ ಬಳಸ್ತಿದ್ದರು, ಈಗ ಪ್ಲಾಸ್ಟಿಕ್ ಬಂದಿದೆ. ಉತ್ತರ ಪ್ರದೇಶದ ಮೈನ್‌ಪುರಿಯಲ್ಲಿ ಹಿತ್ತಾಳೆ ತಂತಿಯನ್ನೇ ಮರದೊಳಗೆ ಬಡಿದು ಕೂರಿಸ್ತಾರೆ. ಅದಕ್ಕೆ ತಾರ್ಕಶಿ ಅಂತಾರೆ.

ಮಾಡೋದು ಹೇಗೆ?

* ಚಿತ್ರ ಬರೆದು, ತೆಳು ಹಲಗೆಗೆ ಅಂಟಿಸಿ, ಸಣ್ಣ ಗರಗಸದಲ್ಲಿ ಕತ್ತರಿಸಬೇಕು.
* ಆ ತುಂಡನ್ನು ಕೋಲಿನ ಮೇಲಿಟ್ಟು ಸುತ್ತ ಗೆರೆ ಎಳೆದು, ಉಳಿಯಿಂದ ಗುಳಿ ತೋಡಬೇಕು.
* ಅಂಟು ಹಾಕಿ, ಬಿಗಿಯಾಗಿ ಕಟ್ಟಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಪಾಲಿಶ್ ಕೊಡಬೇಕು.

ಕೋಲು ದುಂಡಗಿರುವುದೇ ಇಲ್ಲಿ ಕಷ್ಟ. ಚಪ್ಪಟೆ ತುಂಡು ದುಂಡನೆ ಮೈಮೇಲೆ ಕೂರಲ್ಲ, ಅಂಚು ಎದ್ದುಕೊಳ್ಳುತ್ತೆ. ಅದಕ್ಕೇ ತುಂಡುಗಳು ಸಣ್ಣದಿರಬೇಕು.

ಮುರಿಯೋದು ಎಲ್ಲಿ?

ಸುಮಾರು 1 ಇಂಚು ದಪ್ಪದ ಕೋಲಿಗೆ ಸುತ್ತಲೂ 5 ಮಿ.ಮೀ. ತೋಡಿದರೆ ಒಳಗೆ ಗಟ್ಟಿ ಮರ ಉಳಿಯೋದು ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಹಿಡಿಕೆ ಕೋಲಿಗೆ ಸೇರುವ ಕುತ್ತಿಗೆಯಲ್ಲಿ ಹೀಗೆ ಬಳೆಯಂತೆ ತೋಡಿದ್ದರೆ ಒಂದು ದಿನ ಅಲ್ಲೇ ಮುರಿಯುತ್ತೆ. 1–2 ಮಿ.ಮೀ. ಗುಳಿ ಸಾಕು. ಜಾಸ್ತಿ ಕುಸುರಿ ಬೇಕಾದರೆ ಹಿಡಿಕೆ ಮೇಲೆ ಮಾಡಿಸಿ.

ಅಂಗಡಿಯವರು ಗಮನಿಸಿ

ಭಾರತೀಯ ಆನೆ ದಂತದ ವ್ಯಾಪಾರ 1986ರಲ್ಲಿ, ಆಫ್ರಿಕಾ ದಂತದ್ದು 1991ರಲ್ಲಿ ನಿಷೇಧವಾಗಿದೆ. 'ತಾತನ ಕಾಲದ್ದು' ಅಂತ ಯಾರಾದರೂ ದಂತದ ಹಿಡಿಕೆಯ ಕೋಲು ತಂದರೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಜಿಂಕೆ ಕೊಂಬಿನ ಹಿಡಿಕೆಯೂ ಅಷ್ಟೆ. ಬೀಟೆ ಮರ ತಗೊಂಡರೆ ಬಿಲ್ ಇಟ್ಟುಕೊಳ್ಳಿ.

ಕೊಳ್ಳುವವರಿಗೆ

* ಇನ್‌ಲೇ ಮೇಲೆ ಉಗುರು ಆಡಿಸಿ ನೋಡಿ. ಅಂಚು ಸಿಕ್ಕಿಕೊಂಡರೆ ಬೇಡ.
* ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು.
* ತುದಿಗೆ ರಬ್ಬರ್ ಬುಷ್ ಇರಲೇಬೇಕು. ಸವೆದರೆ ಬದಲಾಯಿಸಿ.
* ನೀರಲ್ಲಿ ನೆನೆಸಬೇಡಿ, ಬಿಸಿಲಿಗೆ ಒರಗಿಸಿಡಬೇಡಿ. ಮರ ಹಿಗ್ಗಿ ಕುಗ್ಗಿದರೆ ತುಂಡು ಬಿಟ್ಟುಕೊಳ್ಳುತ್ತೆ.