ಕಣೆಗೆ ಕಣೆ ತಾಗಿದಾಗ

ಕುಮಾರವ್ಯಾಸ ಭಾರತದ ಗಮಕ ವಾಚನವನ್ನು ರೇಡಿಯೋದಲ್ಲಾಗಲಿ, ಊರಿನ ದೇವಸ್ಥಾನದ ಜಗಲಿಯಲ್ಲಾಗಲಿ ಕೇಳಿದವರಿಗೆ ಒಂದು ಸಂಗತಿ ಚೆನ್ನಾಗಿ ಪರಿಚಿತವಾಗಿದೆ. ಭೀಷ್ಮ, ದ್ರೋಣ, ಕರ್ಣಪರ್ವಗಳಲ್ಲಿ ಇಬ್ಬರು ಬಿಲ್ಲಾಳುಗಳು ಎದುರಾದರೆಂದರೆ, ಒಬ್ಬನು ಎಚ್ಚ ಬಾಣವನ್ನು ಮತ್ತೊಬ್ಬನು ನಡುದಾರಿಯಲ್ಲಿಯೇ ಕಡಿದು ಕೆಡಹುತ್ತಾನೆ. ಹತ್ತಕ್ಕೆ ಹತ್ತು, ನೂರಕ್ಕೆ ನೂರು ಎಂಬಂತೆ ಬಾಣಗಳು ಬಾಣಗಳನ್ನೇ ತಿಂದು ಮುಗಿಸುತ್ತವೆ. ಕೇಳುತ್ತ ಕುಳಿತ ಮಕ್ಕಳು ಆಗ ಒಂದು ಪ್ರಶ್ನೆ ಹಾಕುವುದುಂಟು: “ಇದು ನಿಜವಾಗಿ ಆಗುವ ಕೆಲಸವೆ?” ಮಕ್ಕಳ ಪ್ರಶ್ನೆಯೆಂದು ಅದನ್ನು ತಳ್ಳಿಹಾಕಬಾರದು. ಉತ್ತರವನ್ನು ಹುಡುಕಿಕೊಂಡು ಹೊರಟರೆ ಅದು ನಮ್ಮನ್ನು ಕಾವ್ಯದಿಂದ ಗರಡಿಗೂ, ಗರಡಿಯಿಂದ ನಮ್ಮ ಊರುಗಳ ಕೆರೆ ಏರಿಯ ಮೇಲಿನ ಕಲ್ಲುಗಳಿಗೂ ಕರೆದೊಯ್ಯುತ್ತದೆ.

ಮೊದಲು ಬಾಣವೆಂಬ ವಸ್ತುವನ್ನೇ ಸ್ವಲ್ಪ ನೋಡೋಣ. ಅಂಬು, ಕಣೆ, ಕೋಲು, ಸರಳು ಎಂದು ಇದಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಮುಂದುಗಡೆ ಕಬ್ಬಿಣದ ಅಲಗು, ನಡುವೆ ಬಿದಿರಿನ ಅಥವಾ ಜೊಂಡಿನ ಕಡ್ಡಿ, ಹಿಂದುಗಡೆ ಗರಿ ಕಟ್ಟಿದ ಹಿಳುಕು. ಹಿಳುಕಿನ ತುದಿಯಲ್ಲಿ ಹೆದೆಗೆ ಕೂಡುವಂತೆ ಒಂದು ಸಣ್ಣ ಕಚ್ಚು. ಕಡ್ಡಿ ನೆಟ್ಟಗಿರಬೇಕು, ಬೆಂಕಿಯ ಶಾಖಕ್ಕೆ ಹಿಡಿದು ಅದರ ಡೊಂಕನ್ನು ತೆಗೆಯಬೇಕು, ಗರಿಗಳನ್ನು ಒಂದೇ ಅಳತೆಗೆ ಕತ್ತರಿಸಿ ನೂಲಿನಿಂದ ಬಿಗಿಯಬೇಕು. ಒಂದು ಬತ್ತಳಿಕೆಯ ಬಾಣಗಳೆಲ್ಲ ತೂಕದಲ್ಲಿಯೂ ಉದ್ದದಲ್ಲಿಯೂ ಒಂದನ್ನೊಂದು ಹೋಲದಿದ್ದರೆ ಗುರಿ ಕೂಡಿಬರುವುದಿಲ್ಲ. ಆದ್ದರಿಂದ ಬಾಣವು ಬಿಲ್ಲುಗಾರನ ಆಸ್ತಿ. ಎಚ್ಚು ಮುಗಿದ ಮೇಲೆ ಅವನು ಮಾಡುವ ಮೊದಲ ಕೆಲಸ ಬಾಣಗಳನ್ನು ಆಯ್ದು ತರುವುದು.

ಎದುರುಬದುರಾಗಿ ಹಾರಿಬರುವ ಎರಡು ಬಾಣಗಳು ಆಕಾಶದಲ್ಲಿ ಕೂಡುವುದು ಎಷ್ಟು ಕಷ್ಟವೆಂಬುದನ್ನು ಊಹಿಸಿ ನೋಡಿ. ಕಿರುಬೆರಳಿನಷ್ಟು ದಪ್ಪದ ಕಡ್ಡಿ, ಐವತ್ತು ಗಜವನ್ನು ಸುಮಾರು ಒಂದು ಸೆಕೆಂಡಿನಲ್ಲಿ ದಾಟುವ ವೇಗ. ಹೆದೆಯಿಂದ ಬಿಟ್ಟ ಗಳಿಗೆಯಲ್ಲಿ ಅದು ಬಳುಕುತ್ತಲೂ ಇರುತ್ತದೆ. ಯುದ್ಧದ ಗದ್ದಲದಲ್ಲಿ ಇಂಥದನ್ನು ನೋಡಿ, ಅಳೆದು, ಕಡಿಯುವುದು ಮನುಷ್ಯಮಾತ್ರದವರಿಗೆ ಸಾಧ್ಯವಾದ ಮಾತಲ್ಲ. ಸಾವಿರಾರು ಬಾಣಗಳು ಹಾರುವಲ್ಲಿ ಎರಡು ತಾಗಿದರೆ ಅದು ದೈವಯೋಗ.

ಆದರೆ ಅಭ್ಯಾಸದ ಗುರಿಯಲ್ಲಿ ಬಾಣಕ್ಕೆ ಬಾಣ ತಾಗುವುದು ಬೇರೆಯೇ ಮಾತು. ಕೈ ಕುದುರದವನ ಬಾಣಗಳು ಗುರಿಯ ತುಂಬ ಚೆದರಿ ನಡುತ್ತವೆ, ಒಂದಕ್ಕೊಂದು ತೊಂದರೆಯಿಲ್ಲ. ಕೈ ಕುದುರಿದಂತೆಲ್ಲ ಅವು ಒತ್ತೊತ್ತಾಗಿ ನಡತೊಡಗುತ್ತವೆ. ಆಗ ಎರಡನೆಯದು ಮೊದಲನೆಯದರ ಗರಿಯನ್ನು ಸವರಿಕೊಂಡು ಹೋಗುತ್ತದೆ, ಕಡ್ಡಿಯ ಮೈಯನ್ನು ಕೆತ್ತುತ್ತದೆ, ಒಮ್ಮೊಮ್ಮೆ ನೇರವಾಗಿ ಹಿಳುಕಿಗೇ ಬಡಿದು ಕಚ್ಚನ್ನು ಒಡೆಯುತ್ತದೆ. ಬಿದಿರಿನ ನಾರು ಉದ್ದಕ್ಕೆ ಓಡುವುದರಿಂದ ಅದು ಸೀಳುವುದೂ ಉದ್ದಕ್ಕೇ. ಗಟ್ಟಿ ಮರದ ಕಡ್ಡಿಯಾದರೆ ಸೀಳು ನಾರಿನ ಓಟವನ್ನು ಹಿಡಿದು ಪಕ್ಕಕ್ಕೆ ಹೊರಳಿ, ಒಂದು ಚಕ್ಕೆ ಹಾರಿಹೋಗುತ್ತದೆ. ಹೇಗಾದರೂ ಒಂದು ಒಳ್ಳೆಯ ಬಾಣ ಹಾಳಾಯಿತು. ಬಡಿದ ಬಾಣದ ಅಲಗೂ ಸಡಿಲಗೊಂಡಿರಬಹುದು.

ನಮ್ಮ ಪೂರ್ವಿಕರು ಇದನ್ನು ಕಂಡಿದ್ದರೆಂಬುದಕ್ಕೆ ಮಹಾಭಾರತದ ಆದಿಪರ್ವದಲ್ಲಿಯೇ ಒಂದು ಗುರುತಿದೆ. ರಾಜಕುಮಾರರ ಆಟದ ಚೆಂಡು ಬಾವಿಗೆ ಬಿದ್ದಾಗ ದ್ರೋಣನು ಒಂದು ಹುಲ್ಲುಕಡ್ಡಿಯಿಂದ ಚೆಂಡನ್ನು ಚುಚ್ಚಿ, ಆ ಕಡ್ಡಿಯ ಹಿಂದುದಿಯನ್ನು ಇನ್ನೊಂದರಿಂದ ಚುಚ್ಚಿ, ಹೀಗೆ ಕಡ್ಡಿಗೆ ಕಡ್ಡಿ ಪೋಣಿಸಿ ಅದನ್ನು ಮೇಲಕ್ಕೆತ್ತುತ್ತಾನೆ. ಹಿಳುಕಿಗೆ ಮೊನೆ ತಾಗುವುದೇ ಇಲ್ಲಿ ಗುರುವಿನ ಅರ್ಹತಾಪತ್ರ. ಕಿರಾತಾರ್ಜುನೀಯದ ಕಥೆಯನ್ನೂ ನೆನೆಯಿರಿ. ಒಂದೇ ಹಂದಿಗೆ ಶಿವನ ಬಾಣವೂ ಅರ್ಜುನನ ಬಾಣವೂ ನಟ್ಟವು. ಜಗಳ ಹುಟ್ಟಿದ್ದು ಅಲ್ಲಿಂದಲೇ. ಭಾರವಿಯ ಕಾವ್ಯದಲ್ಲಿ ಅರ್ಜುನನು ತನ್ನ ಬಾಣವನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೋದಾಗಲೇ ಕಿರಾತನ ದೂತನು ಅದು ತನ್ನೊಡೆಯನದೆಂದು ವಾದ ಹೂಡುತ್ತಾನೆ. ಬಾಣದ ಬೆಲೆಯನ್ನು ಬಲ್ಲ ಜನರಿಗೆ ಈ ಜಗಳ ವಿಚಿತ್ರವಾಗಿ ತೋರಿರಲಾರದು. ಆ ಭಾರವಿಯ ಹೆಸರನ್ನು 634ರ ಐಹೊಳೆಯ ಶಾಸನವು ಕಾಳಿದಾಸನ ಜೊತೆಯಲ್ಲಿ ಹೇಳುತ್ತದೆ. ಪಟ್ಟದಕಲ್ಲಿನ ಪಾಪನಾಥ ದೇವಾಲಯದ ಗೋಡೆಯ ಮೇಲೆ ಈ ಕಥೆ ಶಿಲ್ಪವಾಗಿದೆ. 941ರಲ್ಲಿ ಪಂಪನೂ, ಮುಂದೆ ಕುಮಾರವ್ಯಾಸನೂ ಇದನ್ನು ಕನ್ನಡದಲ್ಲಿ ಹಾಡಿದ್ದಾರೆ.

ಹೊರನಾಡುಗಳಲ್ಲಿಯೂ ಇದೇ ಬೆರಗು. ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟನು 1819ರಲ್ಲಿ ಹೊರಬಂದ ‘ಐವಾನ್‌ಹೋ’ ಕಾದಂಬರಿಯಲ್ಲಿ ರಾಬಿನ್ ಹುಡ್‌ನ ಕೈಯಿಂದ ಎದುರಾಳಿಯ ಬಾಣವನ್ನು ಸೀಳಿಸಿದನು. ಜಪಾನಿನ ಬಿಲ್ಲುಗುರು ಆವಾ ಕೆಂಜೊ ಎಂಬಾತನು ಕಗ್ಗತ್ತಲಲ್ಲಿ ಎರಡು ಬಾಣ ಬಿಟ್ಟಾಗ, ಎರಡನೆಯದು ಮೊದಲನೆಯದರ ಹಿಳುಕನ್ನು ಒಡೆಯಿತೆಂದು ಅವನ ಜರ್ಮನ್ ಶಿಷ್ಯ ಹೆರಿಗೆಲ್ 1948ರ ತನ್ನ ಪುಸ್ತಕದಲ್ಲಿ ಭಕ್ತಿಯಿಂದ ಬರೆದನು. ಮತ್ತೊಬ್ಬ ಶಿಷ್ಯನು ಆ ವಿಷಯವನ್ನು ಕೇಳಿದಾಗ ಗುರುವು, ಅದು ಆಕಸ್ಮಿಕ, ಹಾಗೆ ಮಾಡಿ ತೋರಿಸುವ ಉದ್ದೇಶ ತನಗಿರಲಿಲ್ಲ ಎಂದನಂತೆ. ಇಂದಿನ ಪಂದ್ಯಗಳಲ್ಲಂತೂ ಇದನ್ನು ತಪ್ಪಿಸುವ ಏರ್ಪಾಡೇ ಇದೆ. ಹದಿನೆಂಟು ಮೀಟರಿನ ಒಳಾಂಗಣ ಸ್ಪರ್ಧೆಯಲ್ಲಿ ಒಬ್ಬೊಬ್ಬನಿಗೆ ಮೂರು ಪುಟ್ಟ ಗುರಿಗಳನ್ನು ಕೊಟ್ಟು, ಒಂದೊಂದಕ್ಕೆ ಒಂದೇ ಬಾಣ ಎಸೆಯುವಂತೆ ಮಾಡುತ್ತಾರೆ. ಒಂದೇ ಗುರಿ ಕೊಟ್ಟರೆ ನಿಪುಣರು ತಮ್ಮ ಬಾಣಗಳನ್ನು ತಾವೇ ಮುರಿದುಕೊಳ್ಳುತ್ತಾರೆ!

ಹೀಗೆ ಬಾಣಕ್ಕೆ ಬಾಣ ತಾಗುವುದು ಗರಡಿಯ ಅನುಭವ. ಕವಿಯು ಅದನ್ನೆತ್ತಿ ರಣರಂಗಕ್ಕೆ ತಂದನು. ತಂದದ್ದೇಕೆ? ಕಾವ್ಯದಲ್ಲಿ ನಾಯಕನು ಹದಿನೆಂಟು ದಿನ ಬದುಕಿರಬೇಕು. ಅವನತ್ತ ಬರುವ ಬಾಣಗಳನ್ನು ಕವಿ ನಡುದಾರಿಯಲ್ಲಿ ಮುರಿಯದಿದ್ದರೆ ಕಥೆ ಮೊದಲ ದಿನವೇ ಮುಗಿಯುತ್ತದೆ. ಹಳೆಯಬೀಡಿನ ಹೊಯ್ಸಳೇಶ್ವರನ ಗುಡಿಯಲ್ಲಿ ಭಾರತದ ಯುದ್ಧವನ್ನು ಕಡೆದ ಪಟ್ಟಿಕೆಗಳ ಮುಂದೆ ನಿಂತರೆ, ರಥಿಕರಿಬ್ಬರ ನಡುವೆ ಬಾಣಗಳು ಸಾಲುಗಟ್ಟಿ ಗಾಳಿಯಲ್ಲಿಯೇ ನಿಂತಿರುವುದನ್ನು ಕಾಣಬಹುದು.

ಇನ್ನು ನಮ್ಮ ಸೀಮೆಗೆ ಬರೋಣ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯಿಂದ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳವರೆಗೆ, 2007ಕ್ಕೆ ಮೊದಲು ಕೋಲಾರ ಜಿಲ್ಲೆಗೆ ಸೇರಿದ್ದ ಈ ನಾಡು ವೀರಗಲ್ಲುಗಳ ನಾಡು. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 10ನೆಯ ಸಂಪುಟವು ಆ ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಗಂಗರ, ನೊಳಂಬರ ಕಾಲದ ಈ ಕಡೆಯ ಕಲ್ಲುಗಳಲ್ಲಿ ವೀರನ ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಕತ್ತಿ ಅಥವಾ ಕಠಾರಿ ಇರುವುದು ಸಾಮಾನ್ಯ. ಎಷ್ಟೋ ಕಲ್ಲುಗಳಲ್ಲಿ ಅವನ ಎದೆಯಲ್ಲಿಯೂ ತೊಡೆಯಲ್ಲಿಯೂ ಬಾಣಗಳು ನಟ್ಟಿರುತ್ತವೆ. ನಡುದಾರಿಯಲ್ಲಿ ಮುರಿದ ಬಾಣವನ್ನು ಕಲ್ಲುಕುಟಿಗ ಕೆತ್ತಲಿಲ್ಲ. ಅವನಿಗೆ ಗೊತ್ತಿದ್ದುದು ಗುರಿ ಮುಟ್ಟಿದ ಬಾಣ ಮಾತ್ರ. ತುರುಗೊಳ್, ಪೆಣ್ಬುಯ್ಯಲ್, ಊರಳಿವು ಎಂದು ಶಾಸನಗಳು ಹೇಳುವ ಸಂದರ್ಭಗಳಲ್ಲಿ, ಎಂದರೆ ದನಗಳನ್ನು ಅಟ್ಟಿಕೊಂಡು ಹೋದಾಗ, ಹೆಂಗಸರ ಮೇಲೆ ಕೈಯಿಟ್ಟಾಗ, ಊರನ್ನು ಸೂರೆಮಾಡಿದಾಗ, ಅಡ್ಡ ನಿಂತವನ ಕಥೆ ಅದು. ಅವನ ಪರವಾಗಿ ಬಾಣ ಕಡಿಯಲು ಕವಿಯಿರಲಿಲ್ಲ.

ಸತ್ತವನ ಮನೆಯನ್ನು ಅರಸರು ಮರೆಯುತ್ತಿರಲಿಲ್ಲವೆಂಬುದೂ ಈ ಕಲ್ಲುಗಳಿಂದಲೇ ತಿಳಿದುಬರುತ್ತದೆ. ಬಾಳ್ಗಚ್ಚು, ನೆತ್ತರುಗೊಡಗೆ, ಕಲ್ನಾಡು ಎಂದು ಭೂಮಿ ಬಿಡುತ್ತಿದ್ದರು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲು ಇದಕ್ಕೆ ಸಾಕ್ಷಿ. ಗಂಗರ ಎರೆಯಪ್ಪನ ಕಡೆಯ ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಕಾದಿ ಮಡಿದನು. ಆಮೇಲೆ ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟರು.

ಆದರೆ ಎಲ್ಲ ಕಲ್ಲುಗಳಿಗೂ ವಸ್ತುಸಂಗ್ರಹಾಲಯದ ನೆರಳು ಸಿಕ್ಕಿಲ್ಲ. ಬಟ್ಟೆ ಒಗೆಯುವ ಚಪ್ಪಡಿಯಾಗಿ, ಚರಂಡಿಯ ಮುಚ್ಚಳವಾಗಿ, ಬದುವಿನ ಅಡಿಗಲ್ಲಾಗಿ ಹೋದವು ಬಹಳ. ಸುಮಾರು 750ರ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಷ್ಟೇ ಬೆಳಕಿಗೆ ಬಂದಿತು. ಕಂಡವರು ಗುರುತಿಸದಿದ್ದರೆ ಅದೂ ಮಣ್ಣುಪಾಲಾಗುತ್ತಿತ್ತು.

ಆದುದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ. ಬಿಡುವಿನ ದಿನ ಮಕ್ಕಳನ್ನು ಕರೆದುಕೊಂಡು ನಿಮ್ಮ ಊರಿನ ಕೆರೆ ಏರಿಯನ್ನೋ ಹಳೆಯ ಗುಡಿಯ ಹಿಂಭಾಗವನ್ನೋ ಒಮ್ಮೆ ಸುತ್ತಿ ಬನ್ನಿ. ಬಿಲ್ಲು ಹಿಡಿದ ಕಲ್ಲೊಂದು ಕಂಡರೆ ಮಣ್ಣನ್ನು ಮೆಲ್ಲನೆ ಒರೆಸಿ, ಮೈಯಲ್ಲಿ ನಟ್ಟ ಬಾಣಗಳನ್ನು ಎಣಿಸಲು ಮಕ್ಕಳಿಗೆ ಹೇಳಿ. ಸುಣ್ಣ ಬಣ್ಣ ಬಳಿಯಬೇಡಿ. ಅಕ್ಷರಗಳಿದ್ದರೆ ಪುರಾತತ್ತ್ವ ಇಲಾಖೆಗೆ ಒಂದು ಕಾಗದ ಬರೆಯಿರಿ. ಬಾಣವು ಬಾಣವನ್ನು ಕಡಿಯುವುದು ನಿಜವೆ ಎಂದು ಕೇಳಿದ ಮಕ್ಕಳಿಗೆ ಅರ್ಧ ಉತ್ತರ ಆ ಕಲ್ಲಿನಲ್ಲಿಯೇ ಸಿಕ್ಕುತ್ತದೆ.