ಶಿಷ್ಯನ ಹೊಣೆ: ಓರಿಯಲ್ ಕಾಲೇಜಿನ ಟ್ಯೂಟರ್ ನ್ಯೂಮನ್

ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯು, ಒಬ್ಬ ಮಾರ್ಗದರ್ಶಕ ಅಧ್ಯಾಪಕರ ಪಾಲಿಗೆ ಎಷ್ಟು ಮಂದಿ ವಿದ್ಯಾರ್ಥಿಗಳಿದ್ದಾರೆ ಎಂಬ ಅನುಪಾತವನ್ನು ಕೇಳುತ್ತ ಬಂದಿದೆ. ನಮ್ಮ ಧರ್ಮಸಭೆಯ ಕಾಲೇಜುಗಳೂ ಆ ಸಂಖ್ಯೆಯನ್ನು ತಪ್ಪದೆ ಬರೆದು ಕಳುಹಿಸುತ್ತವೆ. ಆದರೆ ಆ ಅಧ್ಯಾಪಕರು ತಮ್ಮ ಪಾಲಿಗೆ ಬಂದ ತರುಣನಿಗೆ ಏನಾಗಬೇಕು? ಪಾಠದ ಸಲಹೆಗಾರರೇ, ಶಿಸ್ತಿನ ಅಧಿಕಾರಿಯೇ, ಅಥವಾ ಒಂದು ಅರ್ಥದಲ್ಲಿ ಅವನ ಆತ್ಮದ ಪಾಲಕರೇ? ಇದೇ ಪ್ರಶ್ನೆಯ ಮೇಲೆ ಸುಮಾರು ಇನ್ನೂರು ವರ್ಷಗಳ ಹಿಂದೆ ಆಕ್ಸ್‌ಫರ್ಡಿನ ಒಂದು ಕಾಲೇಜಿನಲ್ಲಿ ಇಬ್ಬರು ಯಾಜಕರ ನಡುವೆ ಬಿರುಕು ಉಂಟಾಯಿತು. ಒಬ್ಬರು ಓರಿಯಲ್ ಕಾಲೇಜಿನ ಮುಖ್ಯಸ್ಥರಾದ ಪ್ರೊವೋಸ್ಟ್ ಎಡ್ವರ್ಡ್ ಹಾಕಿನ್ಸ್. ಇನ್ನೊಬ್ಬರು ಅಲ್ಲಿಯ ಟ್ಯೂಟರ್, ಮುಂದೆ ಕಾರ್ಡಿನಲರೂ ಸಂತರೂ ಆದ ಜಾನ್ ಹೆನ್ರಿ ನ್ಯೂಮನ್.

ಆಗ ಆಂಗ್ಲಿಕನ್ ಸಭೆಗೆ ಸೇರಿದ್ದ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯ ನಿತ್ಯಜೀವನ ನಡೆಯುತ್ತಿದ್ದುದು ವಿಶ್ವವಿದ್ಯಾಲಯದ ಸಭಾಂಗಣದಲ್ಲಲ್ಲ, ಅವನ ಕಾಲೇಜಿನಲ್ಲಿ. ಪ್ರತಿ ಕಾಲೇಜಿನಲ್ಲೂ ಟ್ಯೂಟರರಿದ್ದರು. 1636ರಲ್ಲಿ ಮಹಾಧರ್ಮಾಧ್ಯಕ್ಷ ವಿಲಿಯಂ ಲಾಡ್ ರೂಪಿಸಿದ ನಿಯಮಾವಳಿಯು ಟ್ಯೂಟರನಿಗೆ ಶಿಷ್ಯರ ಓದಿನ ಜೊತೆಗೆ ಅವರ ನಡತೆ ಮತ್ತು ಧರ್ಮಶಿಕ್ಷಣದ ಹೊಣೆಯನ್ನೂ ಒಪ್ಪಿಸಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಆ ನಿಯಮ ಪುಸ್ತಕದಲ್ಲಿ ಉಳಿದಿತ್ತು, ಆಚರಣೆಯಲ್ಲಿ ಸೊರಗಿತ್ತು. ಟ್ಯೂಟರರು ತರಗತಿ ತೆಗೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಉನ್ನತ ದರ್ಜೆ ಬಯಸಿದವನು ಪ್ರತ್ಯೇಕ ಶುಲ್ಕ ತೆತ್ತು ಖಾಸಗಿ ಬೋಧಕನನ್ನು ಹುಡುಕಿಕೊಳ್ಳಬೇಕಿತ್ತು. ಇಂದಿನ ನಮ್ಮ ಊರುಗಳ ಟ್ಯೂಷನ್ ಪದ್ಧತಿಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ.

ಮಾರ್ಗದರ್ಶನವಿಲ್ಲದ ಓದು ಏನು ಮಾಡಬಲ್ಲದೆಂಬುದು ನ್ಯೂಮನ್‌ರಿಗೆ ಸ್ವಂತ ಅನುಭವದಿಂದ ತಿಳಿದಿತ್ತು. ಟ್ರಿನಿಟಿ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಅವರು ದಿನಕ್ಕೆ ಹನ್ನೆರಡು ಗಂಟೆಗಳಷ್ಟು ಓದಿ ದಣಿದಿದ್ದರು. 1820ರ ನವೆಂಬರಿನ ಅಂತಿಮ ಪರೀಕ್ಷೆಗೆ ನಿರೀಕ್ಷೆಗಿಂತ ಒಂದು ದಿನ ಮೊದಲೇ ಕರೆ ಬಂದಾಗ ಅವರ ಧೈರ್ಯ ಪೂರ್ತಿ ಕುಸಿಯಿತು. ಗಣಿತದಲ್ಲಿ ಯಾವ ದರ್ಜೆಯೂ ಸಿಗಲಿಲ್ಲ. ಪ್ರಾಚೀನ ಭಾಷೆಗಳಲ್ಲಿ ಎರಡನೆಯ ದರ್ಜೆಯ ಕೆಳಭಾಗದಲ್ಲಿ ಹೆಸರು ಕಾಣಿಸಿಕೊಂಡಿತು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಓದಿನ ಹೊರೆಯನ್ನು ತೂಗಿ, ಇಷ್ಟು ಸಾಕು ಎಂದು ತಡೆಯಬಲ್ಲ ಹಿರಿಯರೊಬ್ಬರ ಕೊರತೆ ಈ ಪ್ರಸಂಗದಲ್ಲಿ ನಮಗೆ ಎದ್ದು ಕಾಣುತ್ತದೆ. ಎರಡೇ ವರ್ಷಗಳಲ್ಲಿ, 1822ರ ಏಪ್ರಿಲಿನಲ್ಲಿ, ಅವರು ಓರಿಯಲ್ ಕಾಲೇಜಿನ ಫೆಲೋ ಆಗಿ ಆಯ್ಕೆಯಾದರು. 1825ರಲ್ಲಿ ಯಾಜಕದೀಕ್ಷೆ ಪಡೆದರು. 1826ರಲ್ಲಿ ಟ್ಯೂಟರ್ ಆದರು.

ಯಾಜಕನಾದವನು ಕಾಲೇಜಿನ ಪಾಠದ ಕೆಲಸವನ್ನು ಯಾವ ಸಮರ್ಥನೆಯಿಂದ ಒಪ್ಪಿಕೊಳ್ಳಬಹುದು? ಈ ಪ್ರಶ್ನೆಯನ್ನು ನ್ಯೂಮನ್ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಟ್ಯೂಟರನ ಹುದ್ದೆಯೇ ಒಂದು ಪಾಲನಾ ಸೇವೆಯಾಗಿದ್ದರೆ ಮಾತ್ರ ಅದು ತಮ್ಮ ದೀಕ್ಷೆಯ ವಚನಕ್ಕೆ ಹೊಂದುತ್ತದೆ ಎಂಬ ನಿಲುವಿಗೆ ಅವರು ಬಂದರು. ಆದ್ದರಿಂದ ಅವರು ಕಂಡದ್ದನ್ನು ಕಂಡೂ ಕಾಣದಂತೆ ಇರಲಾಗಲಿಲ್ಲ. ಹೆಚ್ಚು ಶುಲ್ಕ ಕೊಟ್ಟು ವಿಶೇಷ ಸವಲತ್ತು ಪಡೆದಿದ್ದ ಸಿರಿವಂತ ತರುಣರ ಸೋಮಾರಿತನವನ್ನು ಅವರು ಸಹಿಸಲಿಲ್ಲ. ವಿದ್ಯಾರ್ಥಿಗಳನ್ನು ಕಡ್ಡಾಯವಾಗಿ ಪ್ರಭುಭೋಜನ ಸಂಸ್ಕಾರಕ್ಕೆ ಕರೆತರುವ ಪದ್ಧತಿಯನ್ನೂ ಅವರು ಆಕ್ಷೇಪಿಸಿದರು. ಸಂಸ್ಕಾರ ಸ್ವೀಕರಿಸಿದ ಮೇಲೆ ಕುಡಿತದ ಉಪಾಹಾರಕೂಟಕ್ಕೆ ಹೋಗುವವರಿದ್ದರು ಎಂಬುದೇ ಅವರ ನೋವು.

1829ರ ಆರಂಭದಲ್ಲಿ ನ್ಯೂಮನ್, ರಾಬರ್ಟ್ ವಿಲ್ಬರ್‌ಫೋರ್ಸ್ ಮತ್ತು ಹರೆಲ್ ಫ್ರೌಡ್ ಸೇರಿ ಪಾಠಕ್ರಮವನ್ನು ಮರುಜೋಡಿಸಿದರು. ಪ್ರತಿಯೊಬ್ಬ ಟ್ಯೂಟರನೂ ತನಗೆ ಒಪ್ಪಿಸಲಾದ ಶಿಷ್ಯರಿಗೆ ತನ್ನ ಸಮಯದ ಮುಖ್ಯಭಾಗವನ್ನು ಕೊಡುವುದು, ಶ್ರದ್ಧೆಯುಳ್ಳವರೊಡನೆ ಚಿಕ್ಕ ಗುಂಪಿನಲ್ಲಿ ಓದುವುದು, ಅವರು ಖಾಸಗಿ ಬೋಧಕರಿಗೆ ಹಣ ತೆರುವ ಅಗತ್ಯವೇ ಬಾರದಂತೆ ನೋಡಿಕೊಳ್ಳುವುದು, ಇದು ಅದರ ತಿರುಳು. ಪ್ರೊವೋಸ್ಟರನ್ನು ಮುಂದಾಗಿ ಕೇಳದೆಯೇ ಇದನ್ನು ಜಾರಿಗೆ ತಂದದ್ದು ಜಾಣತನವೆನಿಸುವುದಿಲ್ಲ. ವಿಚಿತ್ರವೆಂದರೆ, ಹಿಂದಿನ ವರ್ಷ ಪ್ರೊವೋಸ್ಟರ ಆಯ್ಕೆಯಲ್ಲಿ ಸಂತಸ್ವಭಾವದ ಜಾನ್ ಕೀಬಲ್‌ರನ್ನು ಬಿಟ್ಟು ಹಾಕಿನ್ಸ್‌ರನ್ನು ಬೆಂಬಲಿಸಿದವರಲ್ಲಿ ನ್ಯೂಮನ್ನರೇ ಒಬ್ಬರು.

ಹಾಕಿನ್ಸ್‌ರ ವಾದವನ್ನು ನ್ಯಾಯವಾಗಿ ಕೇಳಬೇಕು. ನ್ಯೂಮನ್‌ರ ಅಭಿಮಾನಿಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಒಬ್ಬ ಟ್ಯೂಟರ್ ಕೆಲವರನ್ನು ಹತ್ತಿರ ಸೆಳೆದುಕೊಂಡರೆ ಉಳಿದವರ ಗತಿಯೇನು? ವ್ಯಕ್ತಿಗತ ಪ್ರಭಾವವು ಪಕ್ಷಪಾತವಾಗಿ, ಪಕ್ಷಪಾತವು ಪಂಗಡವಾಗಿ ತಿರುಗುವುದಿಲ್ಲವೇ? ಕಾಲೇಜಿನ ವ್ಯವಸ್ಥೆಗೆ ಹೊಣೆಗಾರನು ಪ್ರೊವೋಸ್ಟನೇ ಅಲ್ಲವೇ? ನ್ಯೂಮನ್ ಈ ಕೊನೆಯ ಮಾತನ್ನು ಒಪ್ಪಲಿಲ್ಲ. ಟ್ಯೂಟರನ ಅಧಿಕಾರ ವಿಶ್ವವಿದ್ಯಾಲಯದ ನಿಯಮಾವಳಿಯಿಂದ ಬಂದದ್ದು, ಪ್ರೊವೋಸ್ಟರ ಕೃಪೆಯಿಂದಲ್ಲ ಎಂದು ಪಟ್ಟು ಹಿಡಿದರು. 1830ರ ಜೂನ್ ವೇಳೆಗೆ ಹಾಕಿನ್ಸ್ ತಮ್ಮ ಕೈಯಲ್ಲಿದ್ದ ಸರಳ ಅಸ್ತ್ರವನ್ನು ಬಳಸಿದರು: ಈ ಮೂವರಿಗೆ ಹೊಸ ಶಿಷ್ಯರನ್ನು ಕೊಡುವುದನ್ನು ನಿಲ್ಲಿಸಿದರು. ಯಾರನ್ನೂ ಹುದ್ದೆಯಿಂದ ತೆಗೆಯಬೇಕಾಗಲಿಲ್ಲ. ಹಳೆಯ ಶಿಷ್ಯರು ಓದು ಮುಗಿಸಿ ಒಬ್ಬೊಬ್ಬರಾಗಿ ಹೊರಟಂತೆ ಅವರ ಕೊಠಡಿಗಳು ಖಾಲಿಯಾದವು. 1832ರ ಡಿಸೆಂಬರಿನಲ್ಲಿ ನ್ಯೂಮನ್ ಫ್ರೌಡ್‌ರೊಡನೆ ಮೆಡಿಟರೇನಿಯನ್ ಯಾತ್ರೆಗೆ ಹೊರಟರು. ಮರುವರ್ಷ ಆಕ್ಸ್‌ಫರ್ಡ್ ಚಳವಳಿ ಆರಂಭವಾಯಿತು. ಶಿಷ್ಯರನ್ನು ತಡೆಹಿಡಿಯದೆ ಇದ್ದಿದ್ದರೆ ಮನುಷ್ಯರ ಲೆಕ್ಕದಲ್ಲಿ ಆ ಚಳವಳಿಯೇ ಹುಟ್ಟುತ್ತಿರಲಿಲ್ಲ ಎಂದು ಅವರು ಮುಂದೆ ಹೇಳಿಕೊಂಡರು. ಓರಿಯಲ್ ಕಾಲೇಜಿಗಿದ್ದ ವಿದ್ಯಾಕೀರ್ತಿ ಮುಂದಿನ ದಶಕಗಳಲ್ಲಿ ಬೇಲಿಯಲ್ ಕಾಲೇಜಿನ ಪಾಲಾಯಿತು.

ಕಥೆ ಇಲ್ಲಿಗೆ ನಿಲ್ಲುತ್ತಿದ್ದರೆ ಇದೊಂದು ಹಠದ ಕಥೆಯಷ್ಟೇ ಆಗುತ್ತಿತ್ತು. ಆದರೆ 1845ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ ನ್ಯೂಮನ್‌ರಿಗೆ ಅದೇ ಪ್ರಶ್ನೆಯನ್ನು ಮೇಲಿನಿಂದ ನೋಡುವ ಅವಕಾಶ ಬಂದಿತು. 1854ರ ನವೆಂಬರ್ 3ರಂದು ಡಬ್ಲಿನ್ ನಗರದಲ್ಲಿ ಕಥೋಲಿಕ ವಿಶ್ವವಿದ್ಯಾಲಯ ತೆರೆದಾಗ ಅದರ ರೆಕ್ಟರ್ ಅವರೇ. ವಿದ್ಯಾರ್ಥಿಗಳನ್ನು ಅವರು ಚಿಕ್ಕ ಚಿಕ್ಕ ವಸತಿಗೃಹಗಳಲ್ಲಿ ಇರಿಸಿದರು. ಹಾರ್ಕೋರ್ಟ್ ಬೀದಿಯ ಒಂದು ಮನೆಯಲ್ಲಿ ತಾವೇ ಅವರೊಡನೆ ವಾಸಿಸಿದರು. ಪ್ರಾಧ್ಯಾಪಕನು ಎಲ್ಲರಿಗೂ ಉಪನ್ಯಾಸ ಕೊಡಲಿ, ಕೇಳಿದ ಪಾಠ ಒಬ್ಬೊಬ್ಬನ ತಲೆಯಲ್ಲಿ ಏನಾಯಿತೆಂದು ನೋಡುವ ಕೆಲಸ ಟ್ಯೂಟರನದಾಗಲಿ ಎಂಬುದು ಅವರ ಯೋಜನೆ.

ಇಲ್ಲಿ ಒಂದು ಮಹತ್ವದ ಬದಲಾವಣೆಯನ್ನು ಗಮನಿಸಬೇಕು. ಓರಿಯಲ್ ಕಾಲೇಜಿನಲ್ಲಿ ನ್ಯೂಮನ್ ಶಿಕ್ಷಕ, ಶಿಸ್ತುಪಾಲಕ, ಆತ್ಮಪಾಲಕ ಎಲ್ಲವೂ ತಾವೇ ಆಗಬಯಸಿದ್ದರು. ಡಬ್ಲಿನ್‌ನಲ್ಲಿ ಶಿಸ್ತಿನ ಅಧಿಕಾರವನ್ನು ಡೀನ್ ಎಂಬವರಿಗೆ ಕೊಟ್ಟು, ಟ್ಯೂಟರನನ್ನು ವಿದ್ಯಾರ್ಥಿಗಿಂತ ಕೆಲವೇ ವರ್ಷ ಹಿರಿಯನಾದ ತರುಣನಾಗಿ, ಅರ್ಧ ಸಂಗಾತಿ ಅರ್ಧ ಸಲಹೆಗಾರನಾಗಿ ಕಲ್ಪಿಸಿದರು. ದಂಡಿಸುವ ಕೈಗೆ ಯಾರೂ ತಮ್ಮ ಕಷ್ಟವನ್ನು ಒಪ್ಪಿಸುವುದಿಲ್ಲವೆಂಬುದು ಅವರಿಗೆ ಮನದಟ್ಟಾಗಿದ್ದಿರಬೇಕು. ಡಬ್ಲಿನ್ನಿನ ಮಹಾಧರ್ಮಾಧ್ಯಕ್ಷ ಪಾಲ್ ಕಲನ್‌ರಿಗೆ ಈ ಮನೆಗಳ ಶಿಸ್ತು ಸಡಿಲವೆನಿಸಿತು. ಗುರುಮಠದ ಕಟ್ಟುಪಾಡನ್ನು ಲೌಕಿಕ ವಿದ್ಯಾರ್ಥಿಗಳ ಮೇಲೆ ಹೇರಲು ನ್ಯೂಮನ್ ಒಪ್ಪಲಿಲ್ಲ. ಇನ್ನೂ ಹಲವು ಭಿನ್ನಾಭಿಪ್ರಾಯಗಳು ಕೂಡಿ, 1858ರಲ್ಲಿ ಅವರು ರೆಕ್ಟರ್ ಪದವಿಯನ್ನು ಬಿಟ್ಟರು.

ಗುರುಮಠದಲ್ಲಿರುವ ನಮಗೆ ಈ ವಿಂಗಡಣೆ ಹೊಸದಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆ, 240ನೆಯ ವಿಧಿಯಲ್ಲಿ, ಅಭ್ಯರ್ಥಿಯನ್ನು ದೀಕ್ಷೆಗೆ ಸೇರಿಸುವ ಅಥವಾ ಗುರುಮಠದಿಂದ ಹೊರಗೆ ಕಳುಹಿಸುವ ನಿರ್ಣಯದಲ್ಲಿ ಆಧ್ಯಾತ್ಮಿಕ ನಿರ್ದೇಶಕರ ಹಾಗೂ ಪಾಪನಿವೇದನೆ ಕೇಳುವ ಗುರುಗಳ ಅಭಿಪ್ರಾಯವನ್ನು ಎಂದಿಗೂ ಕೇಳಕೂಡದು ಎಂದು ವಿಧಿಸಿದೆ. ನಮ್ಮ ಕಾಲೇಜುಗಳ ಮಾರ್ಗದರ್ಶಕ ಅಧ್ಯಾಪಕರಿಗೆ ಇಂಥ ರಕ್ಷಣೆಯಿಲ್ಲ. ಹಾಜರಾತಿ ಕೊರತೆಯ ಪಟ್ಟಿ ತಯಾರಿಸುವವರೂ ಅವರೇ, ಹುಡುಗ ಏಕೆ ತರಗತಿಗೆ ಬರುತ್ತಿಲ್ಲವೆಂದು ಬಾಗಿಲು ಮುಚ್ಚಿ ಕೇಳಬೇಕಾದವರೂ ಅವರೇ. ಅವನು ಹೇಳಿದ್ದರಲ್ಲಿ ಯಾವುದನ್ನು ದಾಖಲೆಯಲ್ಲಿ ಬರೆಯಬೇಕು, ಯಾವುದನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕು ಎಂಬುದನ್ನು ಕಾಲೇಜುಗಳ ಆಡಳಿತದಲ್ಲಿರುವ ನಮ್ಮ ಗುರುಗಳು ಆ ಅಧ್ಯಾಪಕರಿಗೆ ಬರವಣಿಗೆಯಲ್ಲಿ ತಿಳಿಸುವುದು ಕಷ್ಟದ ಕೆಲಸವೇನಲ್ಲ.